ಹತ್ತು, ಒತ್ತು, ತಿನ್ನು

"ಕೆಳಗೆ ನೋಡಬೇಡಮ್ಮ ನೋಲಾ. ಮುಂದಿನ ಮೆಟ್ಟಿಲು ಮಾತ್ರ ನೋಡು," ಎಂದರು ವೆಂಡೆಲ್ ಕ್ರೋಗರ್.

ಹೇಳುವುದು ಸುಲಭ. ಲಿಂಡ್‌ಹೋಮ್ ಕಾಲೇಜಿನ ಗಂಟೆಗೋಪುರದ ಮೆಟ್ಟಿಲುಗಳು ಗೋಡೆಗೆ ಅಂಟಿಕೊಂಡು ಸುತ್ತುತ್ತ ಮೇಲೇರುತ್ತವೆ, ನಡುವೆ ಬಾವಿಯಂಥ ಕತ್ತಲು. ಈ ಊರಿನಲ್ಲೇ ಹುಟ್ಟಿ, ಇಲ್ಲಿನ ಪೊಲೀಸ್ ಠಾಣೆಯ ಒಬ್ಬಳೇ ಪತ್ತೇದಾರಿಣಿಯಾಗಿ ತಲೆ ನರೆಸಿಕೊಂಡ ನಾನು ಕಳ್ಳರಿಗೆ ಹೆದರಿದವಳಲ್ಲ. ಎತ್ತರಕ್ಕೆ ಹೆದರುತ್ತೇನೆ. ಆಸರೆಗೆಂದು ಗೋಡೆಯುದ್ದಕ್ಕೂ ಬಿಗಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಮಗುವಿನ ಹಾಗೆ ಹತ್ತುತ್ತಿದ್ದೆ.

ನಿನ್ನೆ ಮಧ್ಯಾಹ್ನದಿಂದ ಹದಿನೇಳರ ಇಮೋಜೆನ್ ಸ್ಟಾಡ್ಲರ್ ಕಾಣೆಯಾಗಿದ್ದಾಳೆ. ಚಿಕ್ಕಮ್ಮನ ಜೊತೆ ಅರಿಜೋನಾದಿಂದ ಕಾಲೇಜು ನೋಡಲು ಬಂದವಳು. ಅವಳನ್ನು ಕೊನೆಯ ಸಲ ಕಂಡೆ ಎಂದು ಹೇಳುತ್ತಿರುವವರು ಈ ಗೋಪುರ ನೋಡಿಕೊಳ್ಳುವ ವೆಂಡೆಲ್.

ಮೊದಲ ತಿರುವಿನಲ್ಲಿ ಮುಂದಕ್ಕೆ ಹತ್ತಲಾಗದೆ ನಿಂತುಬಿಟ್ಟೆ. ಕಣ್ಣು ಮುಚ್ಚಿ ಹಣೆಯನ್ನು ಹಗ್ಗಕ್ಕೆ ಒತ್ತಿದೆ. ಕಣ್ಣು ತೆರೆದಾಗ ಮೂಗಿನ ನೇರಕ್ಕೆ, ಹಗ್ಗದ ಎಳೆಗಳ ನಡುವೆ, ಹಳದಿ ಕಂಡಿತು.

ಬಣ್ಣ. ಉಗುರಿನಲ್ಲಿ ಕೆರೆದರೆ ಇನ್ನೂ ಮೆತ್ತಗೆ. ಕೆಳಗಿನ ಮೆಟ್ಟಿಲ ಹತ್ತಿರ ದಟ್ಟವಾಗಿ, ಮೇಲೆ ಬರುತ್ತ ತೆಳ್ಳಗಾಗಿ, ನಾನು ನಿಂತಲ್ಲಿಗೆ ಮುಗಿಯುತ್ತಿತ್ತು. ಬಣ್ಣ ಮೆತ್ತಿದ ಕೈಯಲ್ಲಿ ಯಾರೋ ಹಗ್ಗ ಹಿಡಿದು ಹತ್ತಿದ್ದರು.

ಭಯಕ್ಕೂ ಒಂದು ಉಪಯೋಗವಿದೆ. ಧೈರ್ಯವಂತರು ಯಾರೂ ಆ ಹಗ್ಗಕ್ಕೆ ಮೂಗು ತಾಗಿಸಿರಲಿಲ್ಲ.

"ಏನಾಯ್ತು?" ಮೇಲಿನಿಂದ ವೆಂಡೆಲ್ ಕೇಳಿದರು.

"ಏನಿಲ್ಲ, ಉಸಿರು ತಗೋತಿದೀನಿ. ನಡೀರಿ."

ಬೆರಳನ್ನು ಕೋಟಿಗೆ ಒರೆಸಿಕೊಂಡೆ. ಮತ್ತೆ ಹತ್ತತೊಡಗಿದೆ.

ನಮ್ಮ ಊರಿಗೆ ಬಂದವರು ಮಾಡಬೇಕಾದ್ದು ಮೂರೇ. ಗೋಪುರ ಹತ್ತುವುದು, ಕಾಲೇಜಿನ ಅಂಗಳದ ಬಂಡೆಗೆ ಬಣ್ಣದ ಅಂಗೈ ಒತ್ತುವುದು, ಡಾರ್ಲೀನಳ ಅಂಗಡಿಯಲ್ಲಿ ಸಿಹಿ ಹೂರಣ ತುಂಬಿ ಬೇಯಿಸಿದ ಪೈ ತಿನ್ನುವುದು. 'ಹತ್ತು, ಒತ್ತು, ತಿನ್ನು' ಎಂದು ಕಾಲೇಜಿನ ಹುಡುಗರು ಬಂದವರಿಗೆಲ್ಲ ಹಾಡಿನ ಹಾಗೆ ಹೇಳಿಕೊಡುತ್ತಾರೆ. ಆ ಕ್ರಮ ತಪ್ಪಿಸಿದವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಬಂಡೆಯ ಪಕ್ಕ ಬಣ್ಣದ ಡಬ್ಬಿ ಸದಾ ಇರುತ್ತದೆ. ನಿನ್ನೆ ಬೆಳಗ್ಗೆ ಇಟ್ಟದ್ದು ಹಳದಿ, ಅದನ್ನು ಮುಟ್ಟಿದವಳು ಇಮೋಜೆನ್ ಒಬ್ಬಳೇ. ಬಂಡೆಯ ಮೇಲೆ ಅವಳ ಬಲಗೈಯ ಅಚ್ಚು, ಅದರ ಕೆಳಗೆ ಬೆರಳಲ್ಲಿ ಬರೆದ ಎರಡು ಅಕ್ಷರ: 'ಅಮ್ಮ'.

ಅವಳ ಅಮ್ಮ ಲಿಡಿಯಾ ಓದಿದ್ದು ಇದೇ ಕಾಲೇಜಿನಲ್ಲಿ. ಹೋದ ವರ್ಷ ತೀರಿಕೊಂಡಳು. ವರ್ಷವರ್ಷದ ಬಣ್ಣದ ಪದರಗಳ ಅಡಿಯಲ್ಲಿ ಎಲ್ಲೋ ಆಕೆಯ ಅಂಗೈಯೂ ಇದೆ. ಅದನ್ನು ಹುಡುಕಿಕೊಂಡು ಬಂದಿತ್ತು ಮಗು.

ಗಂಟೆಗಳಿರುವ ಕೋಣೆಗೆ ನೆಲದ ಕಂಡಿಯಿಂದ ತೂರಿಕೊಂಡು ಹೋಗಬೇಕು. ಹೋದೆ. ನಾಲ್ಕೂ ಕಡೆ ಬಯಲು, ಸೊಂಟದೆತ್ತರದ ಗೋಡೆ ಮಾತ್ರ. ಪಶ್ಚಿಮದಲ್ಲಿ ಜೋಳದ ಹೊಲಗಳ ಮೇಲೆ ಆಕಾಶ ಪಾಚಿಗಟ್ಟಿದ ತೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಗಾಳಿಗೆ ದೊಡ್ಡ ಗಂಟೆ ತನ್ನಷ್ಟಕ್ಕೆ ಸಣ್ಣಗೆ ಗುಂಯ್‌ಗುಡುತ್ತಿತ್ತು.

ವೆಂಡೆಲ್ ನನಗೂ ಆ ಕಂಡಿಗೂ ನಡುವೆ ನಿಂತರು. ಎಪ್ಪತ್ತು ದಾಟಿದ ಮನುಷ್ಯ, ನಮ್ಮ ಚರ್ಚಿನಲ್ಲಿ ಎಲ್ಲರಿಗೂ ಕಾಫಿ ಬಗ್ಗಿಸುವ ಕೈ. ಅವರು ಅಲ್ಲಿ ನಿಂತದ್ದು ಯಾಕೋ ನನಗೆ ಹಿಡಿಸಲಿಲ್ಲ.

"ಇನ್ನೊಂದ್ಸಲ ಹೇಳಿ ವೆಂಡೆಲ್. ನಿನ್ನೆ ಏನಾಯ್ತು?"

"ಹೇಳಿದ್ನಲ್ಲಮ್ಮ. ಮಧ್ಯಾಹ್ನದ ಹೊತ್ತು ಹುಡುಗಿ ಬಂದಳು. ಮೇಲೆ ಕರಕೊಂಡು ಬಂದೆ. ಇಲ್ಲೇ, ನೀನು ನಿಂತಿದೀಯಲ್ಲ, ಅಲ್ಲೇ ನಿಂತಿದ್ದಳು. ಅಷ್ಟೊತ್ತಿಗೆ ಸೈರನ್ ಆಯ್ತು."

"ಹ್ಞೂಂ."

"ನಿನ್ನೆ ತಿಂಗಳ ಮೊದಲ ಬುಧವಾರ ಅಲ್ವಾ? ಪರೀಕ್ಷೆಗೆ ಕೂಗಿಸ್ತಾರಲ್ಲ, ಆ ಸೈರನ್ನು. ಪಾಪ, ಅವಳಿಗೇನು ಗೊತ್ತು? ಸುಂಟರಗಾಳಿನೇ ಬಂತು ಅಂದ್ಕೊಂಡು ಬೆಚ್ಚಿಬಿದ್ದು ಕಿವಿ ಮುಚ್ಕೊಂಡಳು. ಏನಿಲ್ಲ ಕಣಮ್ಮ, ಬರೀ ಪರೀಕ್ಷೆ ಅಂದೆ. ನಕ್ಕುಬಿಟ್ಟಳು. ಆಮೇಲೆ ಇಳಿದು ಬಂಡೆ ಕಡೆ ಹೋದಳು."

ನಿನ್ನೆ ಇದೇ ಮಾತು ಕೇಳಿದಾಗ ನನ್ನ ಕಣ್ಣು ತುಂಬಿತ್ತು. ಕಿವಿ ಮುಚ್ಚಿಕೊಂಡು ನಗುವ ಹುಡುಗಿ ಕಣ್ಣಿಗೆ ಕಟ್ಟಿದ್ದಳು.

"ಬಂಡೆಗೆ ಕೈ ಒತ್ತಿದ್ದು ಆಮೇಲೆ?"

"ಮತ್ತೆ? ಹತ್ತು, ಒತ್ತು, ತಿನ್ನು."

"ಹಂಗಾದ್ರೆ ಹಗ್ಗದ ಮೇಲೆ ಹಳದಿ ಬಣ್ಣ ಹೆಂಗೆ ಬಂತು?"

ವೆಂಡೆಲ್ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಅವಳು ಮೊದಲು ಒತ್ತಿದಾಳೆ ವೆಂಡೆಲ್, ಆಮೇಲೆ ಹತ್ತಿದಾಳೆ. ಅಮ್ಮನ ಕೈ ಇರೋ ಜಾಗ ಮೊದಲು ನೋಡಬೇಕಿತ್ತು ಅವಳಿಗೆ. ನಮ್ಮ ಹುಡುಗರ ಹಾಡು ಅವಳಿಗ್ಯಾಕೆ?"

"ಇರಬಹುದಪ್ಪ. ಮುದುಕ ನಾನು, ಹಿಂದುಮುಂದಾಗಿರಬಹುದು."

"ಇಳಿದು ಬಂಡೆ ಕಡೆ ಹೋದಳು ಅಂದ್ರಲ್ಲ?"

"ಬಂಡೆ ಕಡೆ ಅಂತ ಅಂದೆ. ಬಂಡೆಗೇ ಅಂತ ಅಂದ್ನಾ?"

ನಮ್ಮ ಊರವರ ಮಾತೇ ಹೀಗೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹೌದೆನ್ನಲಿಕ್ಕೂ ಸಂಕೋಚ, ಇಲ್ಲವೆನ್ನಲಿಕ್ಕೂ ಸಂಕೋಚ. ನಮ್ಮಲ್ಲಿ ಕೊಲೆಗಾರನೂ ಮೊದಲು ನಿಮಗಾಗಿ ಬಾಗಿಲು ತೆರೆದು ಹಿಡಿದು ನಿಲ್ಲುತ್ತಾನೆ ಎಂದು ನನ್ನ ಗಂಡ ತಮಾಷೆ ಮಾಡುತ್ತಿರುತ್ತಾನೆ. ಆ ತಮಾಷೆ ಈಗ ನೆನಪಾಗಬಾರದಿತ್ತು. ಬೆನ್ನ ಹಿಂದೆ ಬಯಲು, ಮುಂದೆ ವೆಂಡೆಲ್. ಅವರು ಒಂದು ಹೆಜ್ಜೆ ಹತ್ತಿರ ಬಂದಿದ್ದರು.

ಸೊಂಟದಲ್ಲಿದ್ದ ವಾಕಿಟಾಕಿ ಗರಗರ ಎಂದಿತು. ಠಾಣೆಯಲ್ಲಿ ಕರೆ ನೋಡಿಕೊಳ್ಳುವ ಬೆವರ್ಲಿ. ನನ್ನ ಜೊತೆ ಶಾಲೆಗೆ ಹೋದವಳು, ಪ್ರಳಯದ ದಿನವೂ ಹರಟೆ ಬಿಡುವವಳಲ್ಲ.

"ನೋಲಾ, ಎಲ್ಲಿದೀಯೇ?"

"ಗೋಪುರದ ಮೇಲೆ."

"ನೀನಾ? ಗೋಪುರದ ಮೇಲಾ? ಇಳಿಯೇ ಮಾರಾಯ್ತಿ ಮೊದಲು! ಪಶ್ಚಿಮಕ್ಕೆ ಮೋಡ ತಿರುಗ್ತಾ ಇದೆಯಂತೆ. ಈಗ ಸೈರನ್ ಒತ್ತಬೇಕು ನಾನು. ಇವತ್ತು ನಿಜವಾದ್ದೇ. ನಿನ್ನೆ ಪರೀಕ್ಷೆನೂ ಮಾಡಿಲ್ಲ, ಕೂಗುತ್ತೋ ಇಲ್ವೋ ದೇವರೇ ಬಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. "ಏನಂದೆ? ನಿನ್ನೆ ಏನು ಮಾಡಿಲ್ಲ?"

"ಪರೀಕ್ಷೆ ಕಣೇ. ಮಧ್ಯಾಹ್ನ ಮೋಡ ಕಟ್ಟಿರಲಿಲ್ವಾ? ಮೋಡ ಕಟ್ಟಿದ ದಿನ ಪರೀಕ್ಷೆ ಕೂಗಿಸಲ್ಲ, ಜನ ನಿಜ ಅಂದ್ಕೋತಾರೆ ಅಂತ. ನನ್ನೆದುರೇ ಕೂತು ಸ್ಯಾಂಡ್‌ವಿಚ್ ತಿಂತಿದ್ದೆಯಲ್ಲೇ ನೀನು!"

ಹೌದು, ತಿನ್ನುತ್ತಿದ್ದೆ. ಆದರೂ ಕೋರ್ಟಿನಲ್ಲಿ ಬೈಬಲ್ ಮುಟ್ಟಿಸಿ ಕೇಳಿದ್ದರೆ, ಸೈರನ್ ಕೇಳಿದೆ ಎಂದೇ ಪ್ರಮಾಣ ಮಾಡುತ್ತಿದ್ದೆ. ಮೊದಲ ಬುಧವಾರ, ಮಧ್ಯಾಹ್ನ, ಸೈರನ್. ಹುಟ್ಟಿದಾಗಿನಿಂದ ಕೇಳಿ ಕೇಳಿ ನಮ್ಮ ಕಿವಿ ಅದನ್ನು ತಾನೇ ಕೂಗಿಕೊಳ್ಳುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಕೇಳದ್ದನ್ನೇ ಪ್ರಮಾಣಿಸದೆ ನಂಬಿ ಒಂದು ಇಡೀ ದಿನ ಕಳೆದಿದ್ದೆ. ಆ ಹುಡುಗಿಯ ಪಾಲಿನ ದಿನ. ನನ್ನ ಮೇಲೆ ನನಗೇ ರೇಗಿತು.

ವೆಂಡೆಲ್ ಎಲ್ಲ ಕೇಳಿಸಿಕೊಂಡಿದ್ದರು. ಗಾಳಿಗೆ ಅವರ ಬಿಳಿ ಕೂದಲು ಎದ್ದು ನಿಂತಿತ್ತು.

"ಊರಿನ ಯಾರನ್ನ ಬೇಕಾದ್ರೂ ಕೇಳು," ಎಂದರು ಮೆಲ್ಲಗೆ. "ಎಲ್ಲರೂ ಸೈರನ್ ಕೇಳ್ತು ಅಂತಾರೆ."

"ನಿಜ. ನಾನೂ ಅಂತಿದ್ದೆ. ಅದಕ್ಕೆ ನಿಮ್ಮನ್ನ ತಪ್ಪು ಹಿಡೀತಿಲ್ಲ. ಆದ್ರೆ ಹುಡುಗಿ ಬೆಚ್ಚಿಬಿದ್ದಳು ಅಂದ್ರಲ್ಲ. ಕಿವಿ ಮುಚ್ಕೊಂಡಳು ಅಂದ್ರಲ್ಲ. ಕೂಗದ ಸೈರನ್ನಿಗೆ ಹೊರಗಿನ ಹುಡುಗಿ ಹೆಂಗೆ ಬೆಚ್ಚಿಬಿದ್ದಳು ವೆಂಡೆಲ್?"

ಅವರು ಗಂಟೆಯ ಅಂಚು ಹಿಡಿದುಕೊಂಡರು, ಬೀಳುವವರ ಹಾಗೆ.

"ಎಲ್ಲಿ ಆ ಮಗು?" ನನ್ನ ದನಿ ನನಗೇ ಗುರುತು ಸಿಗದಷ್ಟು ಏರಿತ್ತು. "ಬದುಕಿದಾಳಾ?"

"ನಾನು ನೋಡೇ ಇಲ್ಲ ನೋಲಾ."

"ಏನು?"

"ಹುಡುಗಿನ ನಾನು ಕಣ್ಣಾರೆ ನೋಡೇ ಇಲ್ಲ. ನಿನ್ನೆ ಮಧ್ಯಾಹ್ನ ನಾನು ಗೋಪುರದಲ್ಲೇ ಇರಲಿಲ್ಲ. ಕೀಲಿಗೊಂಚಲು ಇನ್ನೊಬ್ಬಳಿಗೆ ಕೊಟ್ಟೆ, ಮನೆಗೆ ಹೋದೆ. ಆಮೇಲೆ ಅವಳೇ ಬಂದು ಹೇಳಿಕೊಟ್ಟಳು. ಮೇಲೆ ಬಂದಳು ಅನ್ನು, ಸೈರನ್ನಿಗೆ ಹೆದರಿದಳು ಅನ್ನು, ನಕ್ಕಳು ಅನ್ನು. ನಗೂನ ಸೇರಿಸು, ಆಗ ಎಲ್ಲರೂ ನಂಬ್ತಾರೆ ಅಂದಳು."

ನನ್ನ ಕಣ್ಣು ತುಂಬಿಸಿದ ಆ ನಗುವನ್ನು ಯಾರೋ ಕೂತು ಹೆಣೆದಿದ್ದರು.

"ಅವಳು ಅಂದ್ರೆ ಯಾರು?"

"ವಾಪಸ್ ಬಂದಿದಾಳೆ. ಬರಲ್ಲ ಅಂದ್ಕೊಂಡಿದ್ದೆ."

"ಯಾರು ವೆಂಡೆಲ್? ಹೆಸರು ಹೇಳಿ!"

"ಹಳೇದೊಂದಿದೆ ನೋಲಾ. ಲಿಡಿಯಾ ಓದ್ತಿದ್ದ ಕಾಲದ್ದು. ಅದು ಗೊತ್ತಿದ್ದಿದ್ದು ಮೂರು ಜನಕ್ಕೆ. ಲಿಡಿಯಾ ಹೋದಳು. ಇನ್ನು ಉಳಿದಿರೋದು ನಾನು, ಅವಳು." ಮುದುಕರ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಹುಡುಗಿಗೆ ಏನೂ ಮಾಡಲ್ಲ ಅಂದಳು. ಅಮ್ಮ ಅವಳಿಗೆ ಏನೇನು ಹೇಳಿದಾಳೆ ಅಂತ ಕೇಳಬೇಕು, ಅಷ್ಟೇ ಅಂದಳು. ನಾನು ನಂಬಿದೆ. ನಂಬದೇ ಇದ್ರೆ ನನಗೆ ರಾತ್ರಿ ನಿದ್ದೆ..."

ಅಷ್ಟರಲ್ಲಿ ಸೈರನ್ ಕೂಗಿತು.

ನಿಜವಾದದ್ದು. ಹೊಟ್ಟೆಯೊಳಗಿನಿಂದ ಎದ್ದ ಹಾಗೆ ಮೆಲ್ಲಗೆ ಶುರುವಾಗಿ, ಏರಿ ಏರಿ, ಇಡೀ ಊರನ್ನು ತುಂಬಿತು. ಕೆಳಗೆ ಜನ ಮನೆಗಳಿಂದ ಹೊರಗೆ ಬಂದರು. ನಮ್ಮ ಗಂಡಸರು ಸೈರನ್ ಆದರೆ ನೆಲಮಾಳಿಗೆಗೆ ಓಡುವುದಿಲ್ಲ, ಅಂಗಳಕ್ಕೆ ಬಂದು ಸೊಂಟಕ್ಕೆ ಕೈಕೊಟ್ಟು ಮೋಡ ನೋಡುತ್ತಾರೆ. ಇಂದು ಅವರೂ ಒಂದು ಸಲ ತಲೆಯೆತ್ತಿ ನೋಡಿ ಒಳಗೆ ಓಡಿದರು. ನಾನೂ ತಿರುಗಿ ನೋಡಿದೆ. ಹೊಲಗಳಾಚೆ ಮೋಡದ ಹೊಟ್ಟೆಯಿಂದ ಒಂದು ಬಾಲ ಇಳಿಯುತ್ತಿತ್ತು.

"ಇಳೀರಿ ವೆಂಡೆಲ್! ಕೆಳಗೆ ಮಾತಾಡೋಣ."

ನಾನು ಕಂಡಿಯೊಳಗೆ ಕಾಲಿಟ್ಟು ಎರಡು ಮೆಟ್ಟಿಲು ಇಳಿದು ಅವರಿಗೆ ಕೈ ಚಾಚಿದೆ. ಅವರು ನನ್ನ ಕೈ ಹಿಡಿಯಲಿಲ್ಲ. ಕಂಡಿಯ ಮರದ ಮುಚ್ಚಳ ಹಿಡಿದರು.

"ಬಿರುಗಾಳಿ ಬಂದಾಗ ಗಂಟೆ ಬಾರಿಸೋದು ನನ್ನ ಕೆಲಸ. ನೀನು ಕೆಳಗೆ ಹೋಗು. ಅವಳೂ ಅಲ್ಲೇ ಇರ್ತಾಳೆ."

"ಯಾರು? ಹುಡುಗಿನಾ? ಇಲ್ಲಾ..."

ಮುಚ್ಚಳ ಬಿತ್ತು. ಚಿಲಕ ಎಳೆದ ಸದ್ದು. ನಾನು ಗುದ್ದಿದೆ, ಬೈದೆ, ಬೇಡಿಕೊಂಡೆ. ಉತ್ತರವಾಗಿ ಗಂಟೆ ಬಡಿಯಿತು. ಆ ಸದ್ದಿಗೆ ಹಲ್ಲುಗಳೇ ಅದುರಿದವು.

ಇಳಿಯದೆ ಬೇರೆ ದಾರಿ ಇರಲಿಲ್ಲ. ಬೆನ್ನು ಗೋಡೆಗೆ ಸವರಿಕೊಂಡು, ಹಗ್ಗ ಬಿಡದೆ ಇಳಿದೆ. ಗಾಳಿ ಕಿಟಕಿಯ ಸಂದುಗಳಲ್ಲಿ ಊಳಿಡುತ್ತಿತ್ತು. ಪ್ರತಿ ಏಟಿಗೂ ಗೋಡೆ ನಡುಗಿ ಸುಣ್ಣ ಉದುರುತ್ತಿತ್ತು. ನನಗೆ ಭಯವಾಗಿತ್ತು, ಹೇಳಲು ನಾಚಿಕೆಯಿಲ್ಲ. ಆದರೆ ಭಯದ ಕೆಳಗೆ ಆ ಒಂದೇ ಮಾತು ಕೊರೆಯುತ್ತಿತ್ತು. ಅವಳೂ ಅಲ್ಲೇ ಇರ್ತಾಳೆ.

ಗೋಪುರದ ಅಡಿಯಲ್ಲೇ ನೆಲಮಾಳಿಗೆ. ಸೈರನ್ ಆದಾಗ ಸುತ್ತಮುತ್ತಲಿನವರು ಸೇರಿಕೊಳ್ಳುವ ಜಾಗ. ನಿನ್ನೆ ಸಂಜೆ ನಾನೇ ಅದನ್ನು ಜಾಲಾಡಿದ್ದೆ. ಹಿಂಬದಿಯ ಗೋಡೆಯಲ್ಲಿ ಒಂದು ತುಕ್ಕುಹಿಡಿದ ಕಬ್ಬಿಣದ ಬಾಗಿಲಿದೆ. ಅದು ಬಿರುಗಾಳಿ ಬಂದಾಗ ಅವಿತುಕೊಳ್ಳಲು ಹಿಂದಿನ ಕಾಲದಲ್ಲಿ ಕಟ್ಟಿದ ಕೋಣೆ, ಒಳಗಿನಿಂದಲೂ ಅಗುಳಿ ಹಾಕಿಕೊಳ್ಳುವಂಥದ್ದು. ಬಾಗಿಲ ಹಿಂದೆ ಇಟ್ಟಿಗೆ ಗೋಡೆ ಕಟ್ಟಿ ಎಷ್ಟೋ ವರ್ಷವಾಯಿತು ಎಂದು ಹೇಳಿದ್ದು ಯಾರು? ವೆಂಡೆಲ್. ಬಾಗಿಲು ಬಡಿದು ನೋಡಿದ್ದೆ. ಸದ್ದಿರಲಿಲ್ಲ. ಅವರ ಮಾತು ನಂಬಿ ಹೊರಟುಬಂದಿದ್ದೆ.

ಕೊನೆಯ ಮೆಟ್ಟಿಲುಗಳನ್ನು ಓಡಿ ಇಳಿದೆ.

ನೆಲಮಾಳಿಗೆ ತುಂಬಿತ್ತು. ಕಾಲೇಜಿನ ಹುಡುಗರು, ಪಕ್ಕದ ಬೀದಿಯ ಮುದುಕಿಯರು, ಒಂದು ನಾಯಿ. ನಡುವೆ ಪೈ ಅಂಗಡಿಯ ಡಾರ್ಲೀನ್, ಕೈಯಲ್ಲಿ ಎರಡು ತಟ್ಟೆ. ಲೋಕ ಮುಳುಗಿದರೂ ಡಾರ್ಲೀನ್ ಪೈ ಬಿಟ್ಟು ಬರುವವಳಲ್ಲ.

"ಬಾರೇ ನೋಲಾ, ಮುಖ ನೋಡು ಹೆಂಗಾಗಿದೆ! ಒಂದು ತುಂಡು ತಿನ್ನು. ಹುಳಿ ರೂಬಾರ್ಬ್ ದಂಟು ಹಾಕಿರೋದು, ಬಿಸಿಯಾಗಿದೆ."

"ಬೇಡ ಡಾರ್ಲೀನ್."

"ಸಣ್ಣ ತುಂಡು?"

"ಬೇಡ ಅಂದ್ನಲ್ಲ."

"ಅರ್ಧ?"

ಹಿಂಬದಿಯ ಗೋಡೆಯ ಹತ್ತಿರ ಕೊರೀನ್ ಹ್ಯೂಬರ್ ಕೂತಿದ್ದಳು, ಇಮೋಜೆನಳ ಚಿಕ್ಕಮ್ಮ. ನಿನ್ನೆ ರಾತ್ರಿ ಆಕೆಯನ್ನು ಹೋಟೆಲಿನಲ್ಲಿ ಒಂಟಿಯಾಗಿ ಬಿಡಲು ಮನಸ್ಸು ಬಾರದೆ ನನ್ನ ಮನೆಗೇ ಕರೆತಂದು, ಬಿಸಿಬಿಸಿ ಊಟ ಬಡಿಸಿ, ನನ್ನ ಹೊದಿಕೆ ಹೊದಿಸಿ ಮಲಗಿಸಿದ್ದೆ. ಈಗ ನನ್ನನ್ನು ಕಂಡು ಆಕೆಯ ಕಣ್ಣು ದೊಡ್ಡದಾಯಿತು.

"ಏನಾದ್ರೂ ಗೊತ್ತಾಯ್ತಾ ನೋಲಾ?"

"ಹುಡುಕ್ತಿದೀವಿ," ಎಂದೆ. ಬೇರೇನು ಹೇಳಲಿ? ಈ ಕೋಣೆಯಲ್ಲಿರುವ ಹೆಂಗಸರಲ್ಲಿ ಒಬ್ಬಳು ವೆಂಡೆಲ್‌ಗೆ ಆ ನಗು ಹೇಳಿಕೊಟ್ಟವಳು. ಲಿಡಿಯಾಳ ಕಾಲದವಳು. ವಾಪಸ್ ಬಂದಿದಾಳೆ ಅಂದದ್ದು ಊರಿಗೋ, ವೆಂಡೆಲ್ ಬಳಿಗೋ, ತಿಳಿಯದು. ಡಾರ್ಲೀನ್ ಆ ವಯಸ್ಸಿನವಳೇ. ಮೂಲೆಯ ಮುದುಕಿಯರು ಆಗಲೂ ಇದ್ದರು. ಇವರೆಲ್ಲರ ಕೈಯಡುಗೆ ತಿಂದವಳು ನಾನು. ಒಬ್ಬೊಬ್ಬರ ಮುಖವನ್ನೂ ನೋಡಿದೆ.

ಮೇಲೆ ಗಂಟೆ, ಹೊರಗೆ ಸೈರನ್. ದೀಪ ಒಂದೆರಡು ಸಲ ಮಿಣುಕಿತು. ಮಾತಾಡದೆ ಇರಲಾಗಲಿಲ್ಲ.

"ಒಂದು ವಿಷಯ ಕೇಳ್ತೀನಿ. ನಿನ್ನೆ ಮಧ್ಯಾಹ್ನ ಸೈರನ್ ಕೇಳಿದೋರು ಯಾರ್ಯಾರು?"

"ಇದೇನೇ ಪ್ರಶ್ನೆ?" ಡಾರ್ಲೀನ್ ನಕ್ಕಳು. "ಮೊದಲ ಬುಧವಾರ! ನಾನು ರೂಬಾರ್ಬ್ ಹೆಚ್ತಾ ಇದ್ದೆ."

"ನಾನು ಬಟ್ಟೆ ಒಣಗಿಸ್ತಿದ್ದೆ," ಎಂದಳು ಒಬ್ಬ ಮುದುಕಿ. "ನಮ್ಮ ನಾಯಿ ಬೊಗಳ್ತು," ಎಂದಳು ಇನ್ನೊಬ್ಬಳು. ಹುಡುಗರೂ ತಲೆಯಾಡಿಸಿದರು. ಯಾರೊಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಯಾರೊಬ್ಬರೂ ಅದನ್ನು ಕೇಳಿಯೂ ಇರಲಿಲ್ಲ.

"ನಾನಂತೂ ನಿನಗೆ ಹೇಳಿದ್ನಲ್ಲ," ಎಂದಳು ಕೊರೀನ್ ಸಣ್ಣಗೆ. "ಹೋಟೆಲ್ ರೂಮಿನಲ್ಲಿ ಮಲಗಿದ್ದೆ. ಎದೆನೇ ಒಡೆದುಹೋಯ್ತು. ಮಂಚದ ಕೆಳಗೆ ತೂರಿಕೊಂಡುಬಿಟ್ಟೆ."

"ಅಯ್ಯೋ ಪಾಪ!" ಎಂದರು ಎಲ್ಲರೂ. ಡಾರ್ಲೀನ್ ಆಕೆಗೆ ಇನ್ನೊಂದು ತುಂಡು ಪೈ ಹಾಕಿದಳು. "ಹೊರಗಿನೋರಿಗೆ ಹಂಗೇ ಆಗೋದು ಕಣಮ್ಮ. ನೀವೇನೂ ನಾಚಿಕೋಬೇಡಿ."

ನಾನೂ ನಿನ್ನೆ ಹೀಗೇ 'ಅಯ್ಯೋ ಪಾಪ' ಅಂದಿದ್ದೆ. ಊರಿನ ಪರವಾಗಿ ಕ್ಷಮೆಯನ್ನೂ ಕೇಳಿದ್ದೆ.

ಈಗ ಅದೇ ಮಾತು ಬೇರೆಯಾಗಿ ಕೇಳಿಸಿತು.

ಕೂಗದ ಸೈರನ್ನು ಕೇಳುವುದು ಊರವರ ಕಿವಿ. ತಿಂಗಳು ತಿಂಗಳೂ ಕೇಳಿ ಅಭ್ಯಾಸವಾದ ಕಿವಿ. ಮರಳುಗಾಡಿನ ಊರಿನಿಂದ ಜೀವನದಲ್ಲೇ ಮೊದಲ ಸಲ ಇಲ್ಲಿಗೆ ಬಂದೆ ಎಂದು ಹೇಳಿದ ಹೆಂಗಸಿಗೆ, ಮೊದಲ ಬುಧವಾರ ಮಧ್ಯಾಹ್ನ ಇಲ್ಲಿ ಸೈರನ್ ಕೂಗುತ್ತದೆ ಎಂದು ಹೇಳಿದವರು ಯಾರು? ಬೆಚ್ಚಿಬಿದ್ದ ಹುಡುಗಿ, ಮಂಚದ ಕೆಳಗೆ ತೂರಿದ ಚಿಕ್ಕಮ್ಮ. ಎರಡು ಕಥೆಯೂ ಒಂದೇ ಬಾಯಲ್ಲಿ ಹುಟ್ಟಿದ್ದು.

ಮತ್ತೆ ಈಗ? ತಲೆಯ ಮೇಲೆ ನಿಜವಾದ ಸೈರನ್ ಕಿರುಚುತ್ತಿದೆ. ಹುಡುಗರೇ ನಡುಗುತ್ತಿದ್ದಾರೆ. ನಿನ್ನೆ ಮಂಚದ ಕೆಳಗೆ ತೂರಿದವಳು ಫೋರ್ಕಿನ ಅಂಚಿನಿಂದ ಪೈಯನ್ನು ನೀಟಾಗಿ ತುಂಡು ಮಾಡುತ್ತಿದ್ದಳು. ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಆಕೆ ಒರಗಿ ಕೂತದ್ದು ಗೋಡೆಗಲ್ಲ, ಆ ಕಬ್ಬಿಣದ ಬಾಗಿಲಿಗೆ. ಬೀಗದ ಮೇಲೆ ಆಕೆಯ ಕೋಟು ತೂಗುತ್ತಿತ್ತು.

ನಾನು ಮೆಲ್ಲಗೆ ಅತ್ತ ನಡೆದೆ. ಬೆಂಚುಗಳು, ಕಾಲುಗಳು, ನಾಯಿ. ಪ್ರತಿಯೊಬ್ಬರೂ "ಸಾರಿ, ಸಾರಿ" ಅನ್ನುತ್ತ ಕಾಲು ಎಳೆದುಕೊಳ್ಳುತ್ತಿದ್ದರು. ನಮ್ಮ ಜನರ ಮರ್ಯಾದೆಗೆ ಆ ಕ್ಷಣದಷ್ಟು ನಾನು ಎಂದೂ ಶಾಪ ಹಾಕಿರಲಿಲ್ಲ.

ಮೂರು ಹೆಜ್ಜೆ ಉಳಿದಿರುವಾಗ ಆ ಸದ್ದು ಕೇಳಿತು.

ಟಕ್. ಟಕ್ ಟಕ್.

ಬಾಗಿಲಿನಾಚೆಯಿಂದ. ಕಬ್ಬಿಣಕ್ಕೆ ಉಂಗುರವೋ ಕಲ್ಲೋ ತಾಗುವ ಸದ್ದು. ಶಕ್ತಿಯಿಲ್ಲದ್ದು, ಆದರೆ ಬಿಡದ್ದು.

ಬದುಕಿದ್ದಳು. ಮಗು ಬದುಕಿತ್ತು. ಅಳು ಉಕ್ಕಿ ಬಂತು.

ಸೈರನ್ನಿನ ಗದ್ದಲದಲ್ಲಿ ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಕೊರೀನ್‌ಗೆ ಕೇಳಿಸಿತು. ಬೆನ್ನಿಗೇ ತಾಗಿರಬೇಕು. ಫೋರ್ಕು ತಟ್ಟೆಯ ಮೇಲೆ ಇಟ್ಟಳು. ತಲೆಯೆತ್ತಿ ನನ್ನ ಕಣ್ಣನ್ನೇ ನೋಡಿದಳು. ನನಗೂ ಕೇಳಿಸಿದೆ ಎಂದು ಆಕೆಗೆ ತಿಳಿಯಿತು.

ಆಮೇಲೆ ಆಕೆ ಮಾಡಿದ್ದನ್ನು ನಾನು ಎಂದೂ ಮರೆಯಲಾರೆ.

ಹಾಡಿದಳು.

ಕಾಲೇಜಿನ ಹಾಡು. ನದಿ, ಜೋಳದ ತೆನೆ, ಬೆಟ್ಟದ ಮೇಲಿನ ಗಂಟೆ, ಅದೇ. ಗಟ್ಟಿಯಾದ ಒಳ್ಳೆಯ ದನಿ. ಒಂದು ಸಾಲು ಮುಗಿಯುವಷ್ಟರಲ್ಲಿ ಹುಡುಗರು ಸೇರಿಕೊಂಡರು, ಮುದುಕಿಯರು ಸೇರಿಕೊಂಡರು. ಡಾರ್ಲೀನ್ ಕಣ್ಣೊರೆಸಿಕೊಳ್ಳುತ್ತ ಹಾಡಿದಳು. ನೋಡಿ, ಎಂಥ ಗಟ್ಟಿ ಹೆಂಗಸು, ತನ್ನ ದುಃಖ ನುಂಗಿಕೊಂಡು ನಮಗೆ ಧೈರ್ಯ ತುಂಬುತ್ತಿದ್ದಾಳೆ ಎನ್ನುವ ಹಾಗೆ. ಬಾಗಿಲಿನ ಟಕ್ ಟಕ್ ಆ ಹಾಡಿನಲ್ಲಿ ಮುಳುಗಿಹೋಯಿತು.

"ನಿಲ್ಲಿಸಿ!" ಎಂದು ಕೂಗಿದೆ. ಹಾಡಿಗೆ ಸೇರಿದೆ ಎಂದುಕೊಂಡು ಯಾರೋ ನನ್ನ ತೋಳು ಹಿಡಿದು ತೂಗಿದರು.

ಮೊದಲ ಚರಣ ಊರಿಗೆಲ್ಲ ಬರುತ್ತದೆ. ಎರಡನೆಯದಕ್ಕೆ ಅರ್ಧ ಜನ ಉಳಿದರು. ಮೂರನೆಯ ಚರಣ ಇಲ್ಲಿ ಓದಿ ಪದವಿ ಪಡೆದವರಿಗೆ ಮಾತ್ರ ಗೊತ್ತು, ನನಗೂ ಬಾರದು. ಕೊರೀನ್ ಅದನ್ನು ಒಂದು ಪದ ತಡವರಿಸದೆ, ನನ್ನ ಮುಖದಿಂದ ಕಣ್ಣು ಕೀಳದೆ ಹಾಡಿದಳು.

ಪಿಸ್ತೂಲಿಗೆ ಕೈ ಹಾಕಿದೆ. ನಡುವೆ ಎಷ್ಟೊಂದು ಜನ.

ಆಗ ದೀಪ ಹೋಯಿತು.

ಕತ್ತಲು. ಗಾಳಿ ರೈಲಿನ ಹಾಗೆ ತಲೆಯ ಮೇಲೆ ಬಂತು. ಯಾರೋ ಚೀರಿದರು. ಉಳಿದವರು ಹಾಡು ಬಿಡಲಿಲ್ಲ, ಭಯಕ್ಕೆ ಇನ್ನೂ ಜೋರಾಗಿ ಮೊದಲಿನಿಂದ ಹಾಡಿದರು. ಡಾರ್ಲೀನಳ ದನಿ ಇತ್ತು, ಹುಡುಗರ ದನಿ ಇತ್ತು.

ಕೊರೀನಳ ದನಿ ಇರಲಿಲ್ಲ.

ಬೆಂಚು ಎಡವಿ ಮೊಣಕಾಲೂರಿ ಬಿದ್ದೆ. ಹಾಗೇ ತೆವಳಿದೆ. ಕತ್ತಲಲ್ಲಿ ಕೀಲಿ ತಿರುಗಿತು, ತುಕ್ಕುಹಿಡಿದ ಬಾಗಿಲು ಕಿರ್ರೆಂದಿತು. ಒಳಗಿನ ತಣ್ಣನೆಯ ಗಾಳಿ ನನ್ನ ಮುಖಕ್ಕೆ ಬಡಿಯಿತು. ಕೈ ಚಾಚಿದೆ. ಆಕೆಯ ಕೋಟು ಮಾತ್ರ ಕೈಗೆ ಬಂತು.

ಒಳಗಿನಿಂದ ಎಳೆಯ ದನಿಯೊಂದು ಕೇಳಿತು. ಬಿಕ್ಕುತ್ತಿದ್ದ ದನಿ, ಬದುಕಿದೆ ಎನ್ನುವ ಸಂತೋಷಕ್ಕೆ ನಗುತ್ತಿದ್ದ ದನಿ.

"ಚಿಕ್ಕಮ್ಮಾ! ನೀನಾ? ಸದ್ಯ, ಬಂದ್ಯಲ್ಲ!"

ಬಾಗಿಲು ಮುಚ್ಚಿತು. ಒಳಗಡೆಯ ಅಗುಳಿ ಬಿತ್ತು.